ಹಿಂಡು ೪೧೭ರ ತಾಯಂದಿರು

ಬೆಳಗಿನ ಹನ್ನೊಂದರ ಸುಮಾರಿಗೆ ಗೋಡೆಯಗಲದ ಪರದೆಯ ಮೇಲೆ ಹಿಂಡು ೪೧೭ ಕೆಂಪಾಯಿತು.

ಮಾಳಿಂಗ ಚಹಾದ ಲೋಟ ಅಲ್ಲೇ ಕುಕ್ಕಿ ಎದ್ದು ನಿಂತ. ಹಳದಿಯಿಂದ ಕೆಂಪಿಗೆ ತಿರುಗಿದ ಹಿಂಡುಗಳನ್ನು ಅವನು ನಾಲ್ಕು ವರ್ಷದಲ್ಲಿ ನೂರಾರು ನೋಡಿದ್ದ. ಕೆಂಪಾದ ಮೂರನೇ ದಿನ ಲಾರಿ ಹೋಗುತ್ತದೆ, ಕರಿ ಉಣ್ಣೆಕುರಿಗಳನ್ನು ತುಂಬಿಕೊಂಡು ಕಸಾಯಿ ಕಾರ್ಖಾನೆಗೆ ಸಾಗಿಸುತ್ತದೆ, ಅಷ್ಟೇ ಸಂಖ್ಯೆಯ, ಮೈಮೇಲೆ ಉಣ್ಣೆಯಿಲ್ಲದ ಬೋಳುಕುರಿಗಳನ್ನು ಇಳಿಸಿ ಬರುತ್ತದೆ. ಕುರಿಗೆ ಕುರಿ. ಯಾರಿಗೂ ಅನ್ಯಾಯವಿಲ್ಲ ಎಂದು ಕುರಿ ತಳಿ ಕೇಂದ್ರದ ಬಾಗಿಲಿಗೇ ಬರೆಸಿದ್ದರು. ಆದರೆ ೪೧೭ ಅವನ ಅಕ್ಕ ಗುರುಬಾಯಿಯದು. ಅರವತ್ತೆರಡು ಕುರಿ, ಕೇಂದ್ರದವರು ಹೋಲಿಕೆಗೆಂದು ಬಿಟ್ಟ ಕೆಲವು ಬೋಳು ಬಿಟ್ಟರೆ ಎಲ್ಲ ಉಣ್ಣೆಯವು. ಡೋಣಿ ಹೊಳೆಯ ಈಚೆ ದಡದಲ್ಲಿ ಮೈತುಂಬ ಕಪ್ಪು ಉಣ್ಣೆ ಹೊತ್ತು ತಿರುಗುವ ಹಿಂಡುಗಳು ಈಗ ಕೈಬೆರಳಲ್ಲಿ ಎಣಿಸುವಷ್ಟೇ ಉಳಿದಿದ್ದವು. ಅದರಲ್ಲಿ ಅದೊಂದು.

"ಮೇಡಂ, ಇದು ತಪ್ಪೈತಿ," ಅಂದ.

ಡಾ. ವಾಗ್ದೇವಿ ತನ್ನ ಮೇಜಿನಿಂದ ತಲೆ ಎತ್ತಲಿಲ್ಲ. ತಳಿ ಲೆಕ್ಕದ ಮುಖ್ಯಸ್ಥೆ ಆಕೆ. ತುಮಕೂರು ಕಡೆಯವಳು. ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ಬೈಯುವುದಕ್ಕಾದರೂ ಸಲೀಸಾಗುತ್ತಿತ್ತು.

"ಯಂತ್ರ ತಪ್ಪು ಮಾಡಲ್ಲ ಕಣಪ್ಪಾ ಮಾಳಿಂಗ. ನಿಮ್ಮಕ್ಕಂದು ಅಂತ ಗೊತ್ತು. ನಂಗೂ ಬೇಜಾರೇ. ಆದ್ರೆ ನೋಡು, ನಾಲ್ಕು ವರ್ಷದಲ್ಲಿ ಒಂದು ಉಣ್ಣೆಕುರಿಗೆ ಸರಾಸರಿ ಒಂದು ಮರಿ. ಅದೇ ಹಿಂಡಲ್ಲಿರೋ ಬೋಳುಕುರಿಗೆ ಎರಡರ ಹತ್ತಿರ."

"ನಮ್ಮ ಕುರಿ ಅವಳಿ ಈಯತಾವ್ರಿ. ನಾ ಕಣ್ಣಾರೆ ನೋಡೀನಿ."

"ಕಣ್ಣು ಬೇರೆ, ಲೆಕ್ಕ ಬೇರೆ."

ಆ ಮಾತಿಗೆ ಅವನ ಕಿವಿ ಕಾದವು. ಏಳನೇ ಇಯತ್ತೆಯಲ್ಲಿ ಮಾಸ್ತರನೊಬ್ಬ ಇಡೀ ವರ್ಗದ ಮುಂದೆ ಮೂಗು ಮುಚ್ಚಿಕೊಂಡು, ನಿನ್ನ ಮೈ ಕುರಿ ನಾರತೈತಿ, ಹಿಂದ ಕೂಡು ಅಂದಾಗಲೂ ಹೀಗೇ ಕಾದಿದ್ದವು. ಅವತ್ತು ಪುಸ್ತಕ ಎಸೆದು ಹೊರಬಿದ್ದವನು ತಿರುಗಿ ಹೋಗಿರಲಿಲ್ಲ. ಇವತ್ತು ಎಸೆಯಲು ಕೈಯಲ್ಲಿ ಏನೂ ಇರಲಿಲ್ಲ.

ಈ ಕೆಲಸವನ್ನು ಅವನಿಗೆ ಕೊಡಿಸಿದ್ದೂ ಕುರಿಯ ವಾಸನೆಯೇ. ಕೇಂದ್ರದವರು ಪ್ರತಿ ಕುರಿಯ ಕಿವಿಗೂ ಕಡಲೆ ಗಾತ್ರದ ಒಂದು ಮಣಿ ಚುಚ್ಚಿಸಬೇಕೆಂದು ಹೊರಟಾಗ ಕುರುಬರು ಹೊರಗಿನವರನ್ನು ದೊಡ್ಡಿಯ ಒಳಗೆ ಬಿಡಲಿಲ್ಲ. ಆಗ ಮಾಳಿಂಗನನ್ನು ಹಿಡಿದರು. ಮೂವತ್ತು ಹಳ್ಳಿಯ ಕುರಿಗಳ ಕಿವಿ ಅವನ ಕೈಯಲ್ಲಿ ಹಾದುಹೋದವು. ಮಣಿಯ ಕೆಲಸ ಸರಳ. ಮರಿಯ ಬಾಯಿ ಕೆಚ್ಚಲಿಗೆ ಹೋದಾಗ ಮರಿಯ ಮಣಿಯೂ ಕುರಿಯ ಮಣಿಯೂ ಒಂದೆರಡು ಮೊಳದಷ್ಟು ಸಮೀಪ ಬರುತ್ತವೆ, ದಿನಕ್ಕೆ ಹತ್ತಾರು ಸಲ. ಚುಚ್ಚಿದ ಮೇಲಿನ ಮೊದಲ ಕೆಲವು ಸಲ ಯಾರ ಹತ್ತಿರ ಹೆಚ್ಚು ಹೊತ್ತು ಇತ್ತೋ ಆಕೆ ತಾಯಿ. ಮಣಿ ಗೋಪುರಕ್ಕೆ ಹೇಳುತ್ತದೆ, ಗೋಪುರ ಈ ಗಾಜಿನ ಮನೆಗೆ ಹೇಳುತ್ತದೆ. ಲಕ್ಷಗಟ್ಟಲೆ ಮರಿಗಳ ರಕ್ತ ತೆಗೆದು ತಾಯಿಯನ್ನು ಹುಡುಕುವ ಖರ್ಚು ಉಳಿಯಿತು. ನೀರಿನ ತೊಟ್ಟಿಯ ಮುಂದಿನ ತಟ್ಟೆ ತೂಕ ಹೇಳುತ್ತಿತ್ತು, ಕಂಬದ ಮೇಲಿನ ಕಣ್ಣು ಉಣ್ಣೆ ಅಳೆಯುತ್ತಿತ್ತು. ತಾಯಿ ಯಾರು, ಮರಿ ಯಾರು ಎಂದು ಗೊತ್ತಾದ ಮೇಲೆ ರಕ್ತದೊಳಗೆ ಯಾವುದು ಯಾವುದರ ಜೊತೆ ಹರಿದು ಬರುತ್ತದೆ ಎಂಬುದು ಬರೀ ಗುಣಾಕಾರ, ಭಾಗಾಕಾರ.

ವಾಗ್ದೇವಿ ಅದನ್ನು ಅವನಿಗೆ ಮೊದಲ ವಾರವೇ ಹೇಳಿಕೊಟ್ಟಿದ್ದಳು. "ಉಣ್ಣೆ, ಮರಿ, ತೂಕ. ಒಂದೇ ದಾರಕ್ಕೆ ಮೂರು ಗಂಟು ಅನ್ಕೋ. ಒಂದೇ ವಂಶವಾಹಿ ಎರಡು ಮೂರು ಕೆಲಸಕ್ಕೆ ಕೈಹಾಕಿರುತ್ತೆ. ಒಂದು ಗಂಟು ಎಳೆದ್ರೆ ಉಳಿದೆರಡು ಅಲ್ಲಾಡ್ತವೆ. ಯಾವ ಕಡೆಗೆ ಅಲ್ಲಾಡ್ತವೆ ಅನ್ನೋದೇ ಪ್ರಶ್ನೆ."

ಮಾಳಿಂಗನ ಮೂವತ್ತು ಹಳ್ಳಿಯ ಮಣಿಗಳಿಂದಲೇ ಯಂತ್ರ ಉತ್ತರ ಕೊಟ್ಟಿತ್ತು. ಉಣ್ಣೆ ಹೆಚ್ಚಾದಲ್ಲಿ ಮರಿ ಕಡಿಮೆ. ತೂಕ ಹೆಚ್ಚಾದಲ್ಲಿ ಮರಿ ಹೆಚ್ಚು. ಹಾಗಾದರೆ ಉಣ್ಣೆ ಯಾಕೆ ಬೇಕು? ಹನ್ನೊಂದು ಜಿಲ್ಲೆಗೆ ಬೋಳು ಟಗರಿನ ವೀರ್ಯ ಹೋಯಿತು. ಲಾರಿಗಳು ಓಡಾಡಿದವು.

"ಇನ್ನು ಮೂರು ದಿನ," ಅಂದಳು ವಾಗ್ದೇವಿ, ಈಗ ತಲೆ ಎತ್ತಿ. "ಮನೆಗೆ ಹೋಗು. ನೀನೇ ಹೇಳೋದು ಒಳ್ಳೇದು. ಬೇರೆಯವರು ಹೇಳೋದಕ್ಕಿಂತ."

*

ಅವನು ದೊಡ್ಡಿಗೆ ಬಂದಾಗ ಗುರುಬಾಯಿ ಸತ್ತ ಮರಿಯೊಂದರ ಚರ್ಮ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಸೋದರಮಾವ ಬಿಳೇನಿ ಬಾಯಲ್ಲಿ ತಂಬಾಕು ಇಟ್ಟುಕೊಂಡು ಸಲಹೆ ಕೊಡುತ್ತಿದ್ದ. ಕೆಲಸ ಬಿಟ್ಟು ಉಳಿದದ್ದೆಲ್ಲ ಕೊಡುವ ಮನುಷ್ಯ.

"ಬಾರಪಾ ಗಾಜಿನ ಮನಿ ಸಾಹೇಬಾ," ಅಂದ ಬಿಳೇನಿ. "ನಿಮ್ಮ ಬೋಳುಕುರಿ ಮತ್ತೊಂದು ಮರಿ ನುಂಗಿತು ನೋಡು. ಮರಿ ತಲಿ ಕುಂಬಳಕಾಯಿ ಆಗೇತಿ, ಹೊರಗ ಹೆಂಗ ಬರತೈತಿ? ನಿಮ್ಮಕ್ಕ ಮುಂಜಾನಿಂದ ಜಗ್ಗಿ ಜಗ್ಗಿ ಸಾಕಾದ್ಳು. ಬಂತು, ಸತ್ತು ಬಂತು."

"ನಿನ್ನ ಹಿಂಡಿನ್ಯಾಗೇನು ಬೋಳುಕುರಿ ಕಡಿಮಿ ಅದಾವ?" ಅಂದ ಮಾಳಿಂಗ.

"ನಂದೆಲ್ಲಾ ಬೋಳೇ. ನೀ ಹೇಳಿದ್ದಿ ಅಂತನ ಬದಲಿ ಮಾಡ್ದೆ. ಹ್ವಾದ ಆಷಾಢದ ಗಾಳಿಗೆ ಮೂವತ್ತು ನಡುಗಿ ನಡುಗಿ ಸತ್ತು ಹ್ವಾದು. ಈ ಸರ್ತಿ ಗೊಬ್ಬರದ ಚೀಲ ಹೊಲ್ದು ಮೈಮ್ಯಾಲ ಹಾಕೀನಿ. ಕುರಿ ನಮಗ ಕಂಬಳಿ ಕೊಡೂ ಕಾಲ ಹೋಗಿ ನಾವ ಕುರಿಗಿ ಕಂಬಳಿ ಹೊಚ್ಚೂ ಕಾಲ ಬಂತು. ಬರಕೋ ಇದನ್ನೂ ನಿನ್ನ ಮಷೀನದಾಗ."

ಮಾಳಿಂಗ ನಗಲಿಲ್ಲ. "ಯಕ್ಕಾ, ನಮ್ಮ ಹಿಂಡು ಕೆಂಪಾಗೇತಿ. ಗುರುವಾರ ಲಾರಿ ಬರತೈತಿ."

ಗುರುಬಾಯಿಯ ಕೈ ನಿಂತಿತು. ಮುಖ ಎತ್ತಿ ಒಂದು ಕ್ಷಣ ನೋಡಿದಳು. ಆಮೇಲೆ ಮತ್ತೆ ಚರ್ಮಕ್ಕೆ ಬೆರಳು ಹಾಕಿ, ಅಂಗಿ ಬಿಚ್ಚಿದ ಹಾಗೆ ಒಂದೇ ಎಳೆತಕ್ಕೆ ಬಿಚ್ಚಿದಳು.

"ಯಾರ ತಪ್ಪಿಗಿ?" ಅಂದಳು.

"ಮರಿ ಹಾಕೂದಿಲ್ಲಂತ."

"ಯಾವುದು? ಈ ಕರಿಬಂಡಿ ಮರಿ ಹಾಕೂದಿಲ್ಲೇನು?" ಆಕೆ ಗದ್ದ ತೋರಿಸಿದ ಕಡೆ ಉಣ್ಣೆಕುರಿಯೊಂದು ಎರಡು ಮರಿ ಕಟ್ಟಿಕೊಂಡು ನಿಂತಿತ್ತು. "ಮೊನ್ನೆ ಈದಾಳ. ಎರಡು. ಹ್ವಾದ ಸರ್ತಿನೂ ಎರಡು. ಹಾಲು ಒಂದಕ್ಕ ಸಾಲತೈತಿ, ಅದಕ್ಕ ಇನ್ನೊಂದನ್ನ ಈಗ ಇಕಿಗಿ ಹಚ್ಚಾಕತ್ತೀನಿ."

ಇಕಿ ಎಂದರೆ ಮರಿ ಸತ್ತ ಬೋಳುಕುರಿ. ಎಮ್ಮೆಯ ಹಾಗೆ ಮೈ ಬೆಳೆದು, ಕೆಚ್ಚಲು ಬಿರಿದು ಒದ್ದಾಡುತ್ತಿದ್ದಳು. ಗುರುಬಾಯಿ ಕರಿಬಂಡಿಯ ಸಣ್ಣ ಮರಿಯನ್ನು ಎತ್ತಿಕೊಂಡು ಸತ್ತ ಮರಿಯ ಚರ್ಮವನ್ನು ಅದಕ್ಕೆ ಅಂಗಿಯ ಹಾಗೆ ತೊಡಿಸಿ, ಕಾಲು ತೂರಿಸಿ, ಬೋಳುಕುರಿಯ ಮೂಗಿನ ಮುಂದೆ ಹಿಡಿದಳು. ಕುರಿ ಮೂಸಿತು. ಮತ್ತೆ ಮೂಸಿತು. ಗಂಟಲಲ್ಲಿ ಒಂದು ಮೆಲುದನಿ ತೆಗೆಯಿತು. ಮರಿ ಬಾಲ ಅಲ್ಲಾಡಿಸುತ್ತ ಕೆಚ್ಚಲಿಗೆ ಬಾಯಿ ಹಾಕಿತು.

"ಮಣಿ ತಂದೀಯೇನು?" ಅಂದಳು ಗುರುಬಾಯಿ. "ಇವತ್ತಿಗಿ ಮೂರು ದಿನಾ ಮುಗೀತು. ಚುಚ್ಚಿಬಿಡು."

ಹುಟ್ಟಿದ ಮರಿಗೆ ಮೂರು ದಿನ ಕಬ್ಬಿಣ ಮುಟ್ಟಿಸಬಾರದು. ಇದು ಅವರಲ್ಲಿ ಯಾರೂ ಕೇಳಿ ಕಲಿಯದ ಮಾತು, ಹಾಲಿನ ಜೊತೆ ಬಂದದ್ದು. ಕೇಂದ್ರದ ನಿಯಮ ಹುಟ್ಟಿದ ಒಂದು ತಾಸಿನೊಳಗೆ ಚುಚ್ಚಬೇಕು ಎನ್ನುತ್ತಿತ್ತು. ಮಾಳಿಂಗ ಮೂವತ್ತು ಹಳ್ಳಿಯಲ್ಲೂ ಮೂರು ದಿನ ಬಿಟ್ಟೇ ಚುಚ್ಚಿದ್ದ, ಕಾಗದದಲ್ಲಿ ಒಂದು ತಾಸು ಎಂದೇ ಬರೆದಿದ್ದ. ಎರಡೂ ಕಡೆಯವರಿಗೆ ಸಮಾಧಾನವಾಗಲಿ ಎಂದು ಮಾಡಿದ್ದು. ಅದರಿಂದ ಏನು ಹಾನಿ ಎಂದು ಅವನಿಗೆ ಹೊಳೆದಿರಲಿಲ್ಲ.

ಈಗ ಚೀಲದಿಂದ ಮಣಿ ತೆಗೆದು ಮರಿಯ ಕಿವಿಗೆ ಚುಚ್ಚಿದ. ಮರಿ ಒಮ್ಮೆ ಚೀರಿ ಮತ್ತೆ ಹಾಲಿಗೆ ಹೋಯಿತು. ಅದು ನಾಲ್ಕಾರು ಸಲ ಹೀರಿದ ಮೇಲೆ ಅವನ ಕೈಯಲ್ಲಿದ್ದ, ಮಣಿ ಓದುವ ಪುಟ್ಟ ಪಟ್ಟಿಯಲ್ಲಿ ಹಸಿರು ಅಕ್ಷರ ಮೂಡಿತು. *ತಾಯಿ: ಬೋಳು ೪೧೭–೫೮.*

ಮಾಳಿಂಗ ಆ ಅಕ್ಷರಗಳನ್ನೇ ನೋಡಿದ. ಕರಿಬಂಡಿಯ ಕಡೆ ತಿರುಗಿ ನೋಡಿ ಮತ್ತೆ ಓದಿದ.

"ಯಕ್ಕಾ. ಮರಿ ಸಾಯದ ಬೋಳುಕುರಿಗೂ ಮರಿ ಹಚ್ಚತೀಯೇನು?"

"ಹಚ್ಚತೀನಿ ಮತ್ತ. ಕೆಚ್ಚಲದಾಗ ಇಬ್ಬರ ಹಾಲೈತಿ, ಒಂದ ಮರಿ. ಕರಿಕುರಿದು ಎರಡು ಮರಿ, ಒಬ್ಬರ ಹಾಲು. ಇದಕ್ಕೇನು ಸಾಲಿ ಕಲೀಬೇಕೇನು? ಹುಟ್ಟಿದ ನೀರು ಒರಸಿ ಹಚ್ಚಿದ್ರ ತನ್ನದ ಅಂತ ತಿಳಕೋತಾವ."

"ಎಲ್ಲಾರೂ ಹಂಗ ಮಾಡ್ತಾರಾ?"

"ಬುದ್ಧಿ ಇದ್ದಾವರೆಲ್ಲಾ," ಅಂದ ಬಿಳೇನಿ. "ನಾನೂ ಮಾಡ್ತಿದ್ದೆ, ಕರಿಕುರಿ ಇದ್ದಾಗ."

ಮಾಳಿಂಗ ದೊಡ್ಡಿಯ ಮುಳ್ಳುಬೇಲಿಗೆ ಜೋರಾಗಿ ಒದ್ದ. ಕುರಿಗಳೆಲ್ಲ ಒಂದೇ ಸಲ ಆಚೆಗೆ ಸರಿದವು. ಉಣ್ಣೆಕುರಿ ಹೆತ್ತದ್ದನ್ನೆಲ್ಲ ಯಂತ್ರ ಬೋಳುಕುರಿಯ ಹೆಸರಿಗೆ ಬರೆದುಕೊಂಡಿತ್ತು. ಆ ಮರಿ ಧಾರಾಳ ಹಾಲು ಕುಡಿದು ದಪ್ಪಗಾದದ್ದನ್ನೂ ಬೋಳುಕುರಿಯ ರಕ್ತದ ಗುಣವೆಂದು ಬರೆದುಕೊಂಡಿತ್ತು. ದಾರದ ಗಂಟುಗಳನ್ನು ತಲೆಕೆಳಗು ಹಿಡಿದು ನಾಲ್ಕು ವರ್ಷ ಎಳೆದಿದ್ದರು. ಎಳೆಯಲು ತುದಿ ಕೊಟ್ಟವನು ತಾನೇ.

*

"ರಕ್ತ ತಗೀರಿ," ಅಂದ ಮರುದಿನ ಬೆಳಿಗ್ಗೆ, ವಾಗ್ದೇವಿಯ ಮೇಜಿನ ಮೇಲೆ ಎರಡೂ ಕೈ ಊರಿ. "ಇಪ್ಪತ್ತು ಮರಿದು, ಹಿಂಡಿನ ಕುರಿದೂ. ಆಮ್ಯಾಲ ಹೇಳ್ರಿ ಕಣ್ಣು ಬ್ಯಾರೆ, ಲೆಕ್ಕ ಬ್ಯಾರೆ ಅಂತ."

"ಕೂಗಬೇಡ. ಒಂದು ತಾಸಿನೊಳಗೆ ಚುಚ್ಚಿದ್ರೆ ಮರಿ ಇನ್ನೂ ಹೆತ್ತವಳ ಹತ್ತಿರಾನೇ ಇರುತ್ತೆ, ಇದು ಆಗೋಕೆ ಸಾಧ್ಯವೇ ಇಲ್ಲ. ನಿನ್ನ ದಾಖಲೆಯಲ್ಲಿ ಒಂದು ತಾಸು ಅಂತಿದೆ."

"ಸುಳ್ಳು ಬರದೀನಿ."

ನಿಯಂತ್ರಣ ಕೊಠಡಿಯಲ್ಲಿ ಉಳಿದವರ ಕುರ್ಚಿಗಳು ಇವರ ಕಡೆ ತಿರುಗಿದವು.

"ಎಷ್ಟು ಮರಿಗೆ?"

"ಎಲ್ಲಾದಕ್ಕೂ."

ವಾಗ್ದೇವಿ ಕನ್ನಡಕ ತೆಗೆದಳು. "ನಿನಗೆ ಗೊತ್ತಾಗ್ತಿದೆಯಾ ನೀನು ಏನು ಹೇಳ್ತಿದೀಯ ಅಂತ? ಇದನ್ನ ಬರೆದು ಸಹಿ ಹಾಕಿದ್ರೆ ನಾಳೆ ಈ ಬಾಗಿಲೊಳಗೆ ನಿನ್ನನ್ನ ಬಿಡಲ್ಲ."

"ಕಾಗದಾ ಕೊಡ್ರಿ."

ಅವನು ಬರೆದ. ಅಕ್ಷರ ಸೊಟ್ಟವಾಗಿದ್ದವು, ಮಾತು ನೆಟ್ಟಗಿತ್ತು. ವಾಗ್ದೇವಿ ಓದಿ, ಮಡಚಿ, ಸೀಸೆಗಳ ಡಬ್ಬಿ ತೆಗೆದುಕೊಂಡು ಜೀಪು ಹತ್ತಿದಳು.

ದೊಡ್ಡಿಯಲ್ಲಿ ಗುರುಬಾಯಿ ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಚಹಾ ಕೊಟ್ಟಳು. ಆಮೇಲೆ ಒಂದು ಷರತ್ತು ಹಾಕಿದಳು. "ನಾ ಮೊದಲ ಹೇಳ್ತೀನಿ, ನೀವು ಬರಕೋರಿ. ಆಮ್ಯಾಲ ರಗತ ತಗೋರಿ. ಇಲ್ಲಾಂದ್ರ ನಾಳೆ ನಾನ ನಿಮ್ಮ ಮಷೀನ ನೋಡಿ ಹೇಳಿದ್ಲು ಅಂತೀರಿ."

ಹಾಗೆ ಇಪ್ಪತ್ತು ಮರಿಗಳನ್ನು ಒಂದೊಂದಾಗಿ ಹಿಡಿದು ತಂದರು. ಗುರುಬಾಯಿ ಪ್ರತಿ ಮರಿಯ ಹಣೆ ಸವರಿ ಹೇಳುತ್ತ ಹೋದಳು. ಇದು ಕರಿಬಂಡಿದು, ಬೋಳುಕುರಿ ಹಾಲು ಕುಡದೈತಿ. ಇದು ಚುಕ್ಕಿದು, ಹ್ವಾದ ಸೂಲಿಂದು, ಹತ್ತಿ ಹೊಲದಾಗ ಹುಟ್ಟಿದ್ದು, ಅವತ್ತು ಗಾಳಿ ಬಾಳ ಇತ್ತು. ಇದು ಮುರುಕಿವಿದು, ಇದರ ಜೋಡಿದು ಸತ್ತು ಹ್ವಾತು. ವಾಗ್ದೇವಿಯ ಪೆನ್ನು ಓಡುತ್ತಿತ್ತು.

"ಇಷ್ಟೆಲ್ಲಾ ಹೇಗೆ ನೆನಪಿರುತ್ತೆ?"

"ನಿಮ್ಮ ತಾಯಿಗಿ ಎಷ್ಟು ಮಕ್ಕಳ್ರಿ?"

"ಮೂರು."

"ಅಕಿ ಮರತಾಳೇನು?"

ಬಿಳೇನಿ ಮೂಲೆಯಿಂದ, "ನಮ್ಮವ್ವ ಮರತಿದ್ಲು. ನಂಗ ಯಾವಾಗ್ಲೂ ನಮ್ಮಣ್ಣನ ಹೆಸರಲೇ ಬೈತಿದ್ಲು," ಅಂದ. ವಾಗ್ದೇವಿ ನಕ್ಕಳು. ಮಾಳಿಂಗ ನಗಲಿಲ್ಲ. ಅವನು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೇಲಿಯಿಂದ ತೊಟ್ಟಿಗೆ, ತೊಟ್ಟಿಯಿಂದ ಬೇಲಿಗೆ ನಡೆಯುತ್ತಿದ್ದ, ಕಟ್ಟಿಹಾಕಿದ ಟಗರಿನ ಹಾಗೆ.

*

ಬುಧವಾರ ಮಧ್ಯಾಹ್ನ ಫಲಿತಾಂಶ ಬಂತು. ಮಾಳಿಂಗನನ್ನು ಕೇಂದ್ರದ ಒಳಗೆ ಬಿಡಲಿಲ್ಲ. ಗೇಟಿನ ಹೊರಗೆ ಜಾಲಿಮರದ ಕೆಳಗೆ ಕಾದ. ವಾಗ್ದೇವಿಯೇ ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು.

"ಇಪ್ಪತ್ತರಲ್ಲಿ ಹದಿಮೂರು ಮರಿಗಳ ತಾಯಿಯನ್ನ ಮಣಿ ತಪ್ಪು ಹೇಳಿದೆ. ನಿಮ್ಮಕ್ಕ ಹೇಳಿದ್ದರಲ್ಲಿ ಹತ್ತೊಂಬತ್ತು ಸರಿ. ಒಂದು ತಪ್ಪು."

"ಅಕಿ ಒಪ್ಪಂಗಿಲ್ಲ."

"ಬೇಡ ಬಿಡು." ಆಕೆ ಕೈಯಲ್ಲಿದ್ದ ಕಾಗದ ಬಿಚ್ಚಿದಳು. "ಈ ಹಿಂಡಿನ ಮಟ್ಟಿಗೆ ಮತ್ತೆ ಲೆಕ್ಕ ಹಾಕಿದೆ. ತಿರುಗಿಬಿಡ್ತು ಮಾಳಿಂಗ. ಉಣ್ಣೆ ಇರೋ ಕಡೇನೇ ಅವಳಿ ಬರ್ತಿದೆ. ತೂಕ ಹೆಚ್ಚಿದ ಕಡೆ ಮರಿ ಕಮ್ಮಿ, ಹೆರಿಗೆಯಲ್ಲಿ ಸಾವು ಜಾಸ್ತಿ. ಹಿಂಡು ಚಿಕ್ಕದು, ಎಲ್ಲಾ ಕಡೆ ಹೀಗೇ ಅಂತ ಹೇಳೋಕಾಗಲ್ಲ. ಆದ್ರೆ ಹಾಗಲ್ಲ ಅಂತ್ಲೂ ಹೇಳೋಕಾಗಲ್ಲ."

"ಹಂಗಾರ ಲಾರಿ ಬರೂದಿಲ್ಲ."

ಆಕೆ ಹಿಂತಿರುಗಿ ಕೇಂದ್ರದ ಕಡೆ ನೋಡಿದಳು. ಆ ನೋಟದಲ್ಲೇ ಅವನಿಗೆ ಅರ್ಧ ಗೊತ್ತಾಯಿತು.

"ಬರುತ್ತೆ. ನಿರ್ದೇಶಕರು ಕಸಾಯಿ ಆದೇಶ ತಡೆದಿದ್ದಾರೆ. ಆದ್ರೆ ಹಿಂಡನ್ನ ಇಲ್ಲಿಗೆ ತರಬೇಕಂತೆ. ಕೇಂದ್ರದ ಬೀಗ ಹಾಕಿದ ದೊಡ್ಡಿಯಲ್ಲಿ ಎರಡು ಸೂಲು ಇಟ್ಟು ನೋಡ್ತಾರೆ. ಮರಿ ಬದಲಾಯಿಸಬಾರದು. ಹೆತ್ತವಳು ಸಾಕಬೇಕು. ಸಾಕದಿದ್ರೆ..."

"ಸಾಯಬೇಕು."

"ಸತ್ತಿದ್ದು ಅಂತ ದಾಖಲಾಗುತ್ತೆ. ಶುದ್ಧ ಲೆಕ್ಕ ಬೇಕು ಅಂದ್ರು."

"ಅವಳಿ ಹೆರತಾವಂತ ತೋರಸಾಕ ಅವಳಿ ಮರಿ ಕೊಲ್ಲೂದಾ? ಪಕ್ಕದಾಗ ಕೆಚ್ಚಲು ಬಿರದು ನಿಂತಿರತೈತಿ ಮೇಡಂ!"

"ನಂಗೆ ಅರ್ಥ ಆಗುತ್ತೆ."

"ಅರ್ಥ ಆಗಿ ಏನು ಮಾಡ್ತೀರಿ?"

ಅವನ ದನಿಗೆ ಗೇಟಿನ ಕಾವಲುಗಾರ ಎರಡು ಹೆಜ್ಜೆ ಮುಂದೆ ಬಂದ. ವಾಗ್ದೇವಿ ಕೈ ಎತ್ತಿ ಅವನನ್ನು ತಡೆದಳು. ಆಮೇಲೆ ಗೇಟು ದಾಟಿ ಒಳಗೆ ಹೋದಳು.

*

ಗುರುವಾರ ಹೊತ್ತು ಏರುವ ಮೊದಲೇ ಲಾರಿ ಬಂತು, ಅದರ ಹಿಂದೆ ಜೀಪು. ಗುರುಬಾಯಿ ದೊಡ್ಡಿಯ ಬಾಗಿಲಿಗೆ ಅಡ್ಡ ಕೂತಿದ್ದಳು. ಎದ್ದೇಳುವ ಲಕ್ಷಣ ಕಾಣಲಿಲ್ಲ. ಏಳದಿರಲು ಇನ್ನೊಂದು ಕಾರಣವೂ ಇತ್ತು. ಆಕೆಯ ಮುಂದೆ ಚುಕ್ಕಿ ಎಂಬ ಉಣ್ಣೆಕುರಿ ಮಲಗಿ ನೋವು ತಿನ್ನುತ್ತಿತ್ತು.

"ಯವ್ವಾ, ಜರಾ ಸರೀರಿ. ಕುರಿ ಹತ್ತಸೂ ಹಲಗಿ ಇಳಸಬೇಕು," ಅಂದ ಡ್ರೈವರ್.

"ಈಯಾಕತ್ತಾಳ, ಕಾಣೂದಿಲ್ಲೇನೋ? ನಿನ್ನ ಹೆಂಡತಿ ಹಡೀವಾಗೂ ಹಿಂಗ ಹಾರನ್ ಬಾರಸಿದ್ದೇನು?"

ಡ್ರೈವರ್ ಲಾರಿಯ ಇಂಜಿನು ಆರಿಸಿದ.

ಮೊದಲ ಮರಿ ಸಲೀಸಾಗಿ ಬಂತು. ಎರಡನೆಯದು ಅದರ ಬೆನ್ನಿಗೇ ಜಾರಿತು, ಅಂಗೈ ಅಗಲದ್ದು, ಕಪ್ಪಗೆ, ಒದ್ದೆ ಚಿಂದಿಯ ಹಾಗೆ. ಚುಕ್ಕಿ ಮೊದಲನೆಯದನ್ನು ನೆಕ್ಕಿತು. ಎರಡನೆಯದರ ಕಡೆ ಮೂಗು ತಿರುಗಿಸಲಿಲ್ಲ. ಗುರುಬಾಯಿ ಅದನ್ನು ಎತ್ತಿಕೊಂಡು ಒಂದು ಬೋಳುಕುರಿಯ ಕಡೆ ಹೊರಟಳು.

"ತಡಿ ಯಕ್ಕಾ." ಮಾಳಿಂಗ ಸೂಜಿ ಹಿಡಿದು ಅಡ್ಡ ಬಂದ. ಜೀಪಿನಲ್ಲಿದ್ದ ವಾಗ್ದೇವಿಯ ಡಬ್ಬಿಯಿಂದ ಕೇಳದೇ ತೆಗೆದುಕೊಂಡು ಬಂದಿದ್ದ. "ಒಂದು ಹನಿ. ಈಗ ತಗೊಂಡ್ರ ಹೆತ್ತಾಕಿ ಯಾರಂತ ಪಕ್ಕಾ ಆಗತೈತಿ. ಆಮ್ಯಾಲ ಯಾರಿಗಿ ಬೇಕಾದ್ರೂ ಹಚ್ಚು. ಯಾರೂ ಬೀಗ ಹಾಕೂದು ಬ್ಯಾಡ."

"ಹುಟ್ಟಿ ಎಷ್ಟು ಹೊತ್ತಾತು ಇದು?"

"ಯಕ್ಕಾ..."

"ಕಬ್ಬಿಣ ಮುಟ್ಟಸಬ್ಯಾಡ ಅಂದ್ನಿ."

"ನಿನ್ನ ಮೂರು ದಿನದ ಸಲುವಾಗೇ ಹನ್ನೊಂದು ಜಿಲ್ಲಾದ ಕುರಿ ಹ್ವಾದು!" ಅವನು ಕಿರುಚಿದ. "ನಂದೂ ತಪ್ಪೈತಿ, ನಿಂದೂ ಐತಿ!"

ಗುರುಬಾಯಿಯ ಮುಖ ಕಪ್ಪಿಟ್ಟಿತು. ಆಕೆ ಮರಿಯನ್ನು ಎದೆಗೆ ಒತ್ತಿ ಹಿಡಿದು ತಮ್ಮನನ್ನು ನೋಡಿದಳು. ಅವನ ಕೈಯ ಸೂಜಿಯ ತುದಿ ಬಿಸಿಲಿಗೆ ಮಿಂಚುತ್ತಿತ್ತು. ಮರಿಯ ಹೊಟ್ಟೆಯಿಂದ ಹೊಕ್ಕಳಬಳ್ಳಿ ಇನ್ನೂ ಗೇಣುದ್ದ ನೇತಾಡುತ್ತಿತ್ತು. ಆಕೆ ಅದನ್ನು ಎರಡು ಬೆರಳಲ್ಲಿ ಹಿಂಡಿ, ಉಗುರಿನಿಂದ ಚಿವುಟಿ ಹರಿದು, ವಾಗ್ದೇವಿಯ ಕಡೆ ಚಾಚಿದಳು.

"ಬಾಯರೆ, ಇದರಾಗ ಮರಿ ರಗತ ಇಲ್ಲೇನ್ರಿ?"

ವಾಗ್ದೇವಿ ಆ ಹಸಿ ತುಂಡನ್ನು ನೋಡಿದಳು. "ಇದೆ," ಅಂದಳು ಮೆಲ್ಲಗೆ. "ಇದರಲ್ಲಿರೋದು ಮರಿಯದೇ. ಸಾಕು ಇದು. ಬೇಕಾದಷ್ಟಾಯ್ತು."

"ಹಂಗಾರ ಸೀಸೆ ಹಿಡೀರಿ. ಕೈ ಜಿಡ್ಡಾಗೇತಿ."

ವಾಗ್ದೇವಿ ಮಂಡಿಯೂರಿ ಸೀಸೆ ಹಿಡಿದಳು. ಗುರುಬಾಯಿ ತುಂಡು ಹಾಕಿದಳು. ಆಮೇಲೆ ಮರಿಗೆ ಬೋಳುಕುರಿಯ ಗಂಜಳ ಸವರಿ, ಅದರ ಹಿಂಗಾಲ ನಡುವೆ ತೂರಿಸಿ, ಕುರಿಯ ಕುತ್ತಿಗೆ ಬಿಗಿಯಾಗಿ ಹಿಡಿದು ನಿಂತಳು. ಕುರಿ ಒಮ್ಮೆ ಒದೆಯಿತು. ಎರಡನೇ ಸಲ ಒದೆಯಲಿಲ್ಲ.

ವಾಗ್ದೇವಿ ಸೀಸೆಯ ಮೇಲೆ ಎರಡು ಸಾಲು ಬರೆದಳು. ಹೆತ್ತವಳು: ಚುಕ್ಕಿ. ಉಣಿಸಿದವಳು: ಬೋಳು ೫೯. ಬರೆದದ್ದನ್ನು ತಾನೇ ಎರಡು ಸಲ ಓದಿದಳು. ಎದ್ದು ಸೀರೆಯ ಮಣ್ಣು ಕೊಡವಿ ಡ್ರೈವರನ ಹತ್ತಿರ ಹೋದಳು.

"ಈ ಹಿಂಡು ಎಲ್ಲಿಗೂ ಹೋಗಲ್ಲ. ಇಲ್ಲೇ ಇರಲಿ, ಮೇಯೋ ಕಡೆ ಮೇಯಲಿ."

"ಮೇಡಂ, ನಾ ಏನಂತ ಬರೀಲಿ? ಮ್ಯಾಗಿನವರು ಕೇಳ್ತಾರು."

"ಎಣಿಕೆ ಮುಗಿದಿಲ್ಲ ಅಂತ ಬರಿ. ಕೆಳಗೆ ನನ್ನ ಹೆಸರು ಹಾಕು."

"ನಿಮಗ ತ್ರಾಸ ಆಗತೈತ್ರಿ."

"ಆಗಲಿ," ಅಂದಳು ವಾಗ್ದೇವಿ. ಆಕೆಯ ದನಿ ಗಟ್ಟಿಯಾಗಿರಲಿಲ್ಲ. ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಬಿಳೇನಿ ತಂಬಾಕು ಉಗಿದು, "ಆತಲ್ಲಪಾ, ಉಳದ್ವು," ಎಂದು ಮಾಳಿಂಗನ ಬೆನ್ನಿಗೆ ಗುದ್ದಿದ. ಗುರುಬಾಯಿ ಬೋಳುಕುರಿಯ ಕುತ್ತಿಗೆ ಬಿಟ್ಟು, ಮೊಣಕೈಯಿಂದ ಹಣೆಯ ಬೆವರು ಒರೆಸಿಕೊಂಡು, ಅಲ್ಲೇ ಕುಸಿದು ಕೂತಳು. ಕುರಿಗಳು ಏನೂ ಆಗದವರ ಹಾಗೆ ಮೆಲುಕು ಹಾಕುತ್ತಿದ್ದವು.

ಲಾರಿಯ ಇಂಜಿನು ಮತ್ತೆ ಶುರುವಾಯಿತು. ಡ್ರೈವರ್ ಕಾಗದ ಮಡಚಿ ಕಿಸೆಗಿಟ್ಟು ಗೇರು ಹಾಕಿದ. ಲಾರಿಯ ಮುಖ ಊರಿನ ಕಡೆಗಲ್ಲ, ಹೊಳೆ ದಾಟುವ ದಾರಿಯ ಕಡೆಗಿತ್ತು.

"ಖಾಲಿ ಲಾರಿ ಅಕ್ಕಡೆ ಯಾಕ ಹೊಂಟೈತಿ?" ಅಂದ ಮಾಳಿಂಗ.

"ಖಾಲಿ ಹೆಂಗ ಹೋಗಲಿ? ಇವತ್ತ ಇನ್ನೂ ನಾಕು ಹಿಂಡು ಅದಾವ. ಆಚೆ ದಂಡಿ ಮೂರು, ಕೆರಿ ಮಗ್ಗಲ ಒಂದು. ಎಲ್ಲಾ ಕೆಂಪ."

ಮಾಳಿಂಗ ವಾಗ್ದೇವಿಯ ಕಡೆ ನೋಡಿದ. ಆಕೆ ತಲೆ ಅಲ್ಲಾಡಿಸಿದಳು. "ಅವಕ್ಕೆ ಪರೀಕ್ಷೆ ಆಗಿಲ್ಲ. ಈ ಒಂದನ್ನ ನಿಲ್ಲಿಸೋಕೆ ಮಾತ್ರ ನನ್ನ ಕೈಲಿ ರಕ್ತದ ಲೆಕ್ಕದ ಕಾಗದ ಇದೆ."

ಆ ನಾಲ್ಕೂ ಹಿಂಡಿನ ಕಿವಿಗಳು ಅವನ ಬೆರಳಿಗೆ ಗೊತ್ತಿದ್ದವು. ಒಂದೊಂದರ ತೂತು ಅವನೇ ಕೊರೆದದ್ದು, ಮೂರು ದಿನ ತಡಮಾಡಿ.

ಅವನು ಜೀಪಿಗೆ ಹೋಗಿ ಸೀಸೆಗಳ ಇಡೀ ಡಬ್ಬಿಯನ್ನೇ ಕಂಕುಳಲ್ಲಿ ಇರುಕಿಕೊಂಡ. ವಾಗ್ದೇವಿ ಬೇರೆ ಕಡೆ ಮುಖ ತಿರುಗಿಸಿದಳು. ಗುರುಬಾಯಿ, "ಉಂಡರ ಹೋಗೋ ಹುಚ್ಚಾ," ಎಂದು ಕೂಗಿದಳು. ಅಷ್ಟರಲ್ಲಿ ಅವನು ಚಲಿಸುತ್ತಿದ್ದ ಲಾರಿಯ ಬಾಗಿಲು ಎಳೆದು ತೆರೆದು, ಡ್ರೈವರನ ಪಕ್ಕಕ್ಕೆ ಜಿಗಿದು ಕೂತಿದ್ದ.

"ಏ, ನೀ ಎಲ್ಲಿಗೆಪಾ?"

"ನಡಿ, ಮೊದಲನೇ ಹಿಂಡಿನ್ಯಾಗ ನೀ ಹಲಗಿ ಇಳಸೂದ್ರಾಗ ನಾ ಒಂದು ಮಾತು ಕೇಳಬೇಕು."

"ಏನ ಕೇಳ್ತಿ?"

"ಒಂದೊಂದು ಮರಿ ಎತ್ತಿ ಹಿಡದು ಕುರುಬರನ್ನ ಕೇಳ್ತೀನಿ, ಯಾರ ಹೊಟ್ಟ್ಯಾಗಿಂದು ಅಂತ. ನೂರು ಮರಿ ಅದಾವ. ಎಲ್ಲಾ ಮುಗಿಯೂತನಕ ನಿನ್ನ ಹಲಗಿ ಮ್ಯಾಗ ನಾ ಕುಂತಿರತೀನಿ."